ಪೆಟ್ಲುಪ್ಪು ಮತ್ತು ಕುಡಿಯುವ ನೀರು



ನಮ್ಮ ನಾಡಿನಲ್ಲಿ ಹಿಂದೆ ಪೆಟ್ಲುಪ್ಪು ತೆಗೆಯುವ ಕಸುಬೊಂದಿತ್ತು. ಹಳೆಯ ಊರುಗಳ ನಿವೇಶನ, ದನದ ಕೊಟ್ಟಿಗೆ, ಪಾಳುಗೋಡೆಗಳ ಮಣ್ಣನ್ನು ಅಗೆದು ತಂದು, ನೀರಿನಲ್ಲಿ ಕದಡಿ, ಸೋಸಿ, ಕುದಿಸಿ ಅದನ್ನು ಪಡೆಯುತ್ತಿದ್ದರು. ಕೋವಿಮದ್ದಿನ ಮುಕ್ಕಾಲು ಪಾಲು ಇದೇ ಆಗಿತ್ತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಮೈಸೂರಿನ ಅಗ್ನಿಬಾಣಗಳು ಹಾರಿದುದೂ ಇದರ ಬಲದಿಂದಲೇ.

ಪೆಟ್ಲುಪ್ಪು ನೈಟ್ರೇಟ್ ಎಂಬ ಲವಣಗಳ ಪೈಕಿ ಒಂದು. ಮನುಷ್ಯರ ಹಾಗೂ ದನಕರುಗಳ ಮಲಮೂತ್ರವು ಮಣ್ಣಿನಲ್ಲಿ ಕೊಳೆತಾಗ ಸೂಕ್ಷ್ಮಜೀವಿಗಳಿಂದ ನೈಟ್ರೇಟ್ ಹುಟ್ಟುತ್ತದೆ. ಕಸುಬಿನವನು ತೊಟ್ಟಿಯಲ್ಲಿ ಮಾಡುತ್ತಿದ್ದ ಕೆಲಸವನ್ನೇ ಮಳೆನೀರು ನೆಲದೊಳಗೆ ಮಾಡುತ್ತದೆ. ಕರಗಿದ ಲವಣವು ಬಂಡೆಯ ಬಿರುಕುಗಳಲ್ಲಿ ಇಳಿದು ಬಾವಿಯನ್ನು ಸೇರುತ್ತದೆ.

ಬೆಂಗಳೂರಿನಿಂದ ವೈಟ್‌ಫೀಲ್ಡಿಗೆ ಹೋಗುವ ದಾರಿಯ ಕುಂದಲಹಳ್ಳಿಯನ್ನು ಗಮನಿಸಿರಿ. ಹೊಲ ಮತ್ತು ಕೆರೆಗಳ ಕಾಲದಲ್ಲಿ ತಿಪ್ಪೆಯ ಗೊಬ್ಬರವು ಹೊಲಕ್ಕೆ ಹೋಗಿ, ಅದರ ಬಹುಭಾಗ ಪೈರಿಗೆ ಸಲ್ಲುತ್ತಿತ್ತು. ತೊಂಬತ್ತರ ದಶಕದಿಂದೀಚೆಗೆ ಈ ಸೀಮೆಯಲ್ಲಿ ಮಾಹಿತಿ ತಂತ್ರಜ್ಞಾನದ ಸಂಸ್ಥೆಗಳೂ ವಸತಿ ಸಮುಚ್ಚಯಗಳೂ ಎದ್ದವು. ಜನ ಬಂದಷ್ಟು ವೇಗವಾಗಿ ಒಳಚರಂಡಿ ಬರಲಿಲ್ಲ. ನಗರದ ಹೊರವಲಯದ ಎಷ್ಟೋ ಕಡೆ ಒಂದೇ ನಿವೇಶನದಲ್ಲಿ ಶೌಚದ ಗುಂಡಿಯೂ ಕೊಳವೆಬಾವಿಯೂ ನೆರೆಹೊರೆಯಾದವು. ಹಳ್ಳಿಗಾಡಿನಲ್ಲಿ ಮಿತಿಮೀರಿ ಸುರಿದ ರಾಸಾಯನಿಕ ಗೊಬ್ಬರವೂ ಇದೇ ದಾರಿ ಹಿಡಿಯಿತು.

ಇದರಿಂದಾಗುವ ಕೇಡನ್ನು 1945ರಲ್ಲಿ ಅಮೆರಿಕದ ಅಯೋವಾ ಪ್ರಾಂತದ ವೈದ್ಯ ಹಂಟರ್ ಕಾಮ್ಲಿ ಲೋಕಕ್ಕೆ ತಿಳಿಸಿದರು. ಬಾವಿನೀರಿನಲ್ಲಿ ಕಲಸಿದ ಹಾಲು ಕುಡಿದ ಹಸುಗೂಸುಗಳ ಮೈ ನೀಲಿಗಟ್ಟುತ್ತಿತ್ತು. ನೈಟ್ರೇಟ್ ದೇಹದಲ್ಲಿ ನೈಟ್ರೈಟ್ ಆಗಿ ಮಾರ್ಪಟ್ಟು, ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕುಂದಿಸುತ್ತದೆ. ಆದುದರಿಂದಲೇ ನಮ್ಮ ದೇಶದ ಮಾನಕವು ಲೀಟರಿಗೆ 45 ಮಿಲಿಗ್ರಾಂ ಮಿತಿಯನ್ನು ವಿಧಿಸಿದೆ. ಕೇಂದ್ರೀಯ ಅಂತರ್ಜಲ ಮಂಡಳಿಯ 2024ರ ವರದಿಯಂತೆ, ಕರ್ನಾಟಕದಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ನೂರಕ್ಕೆ ಸುಮಾರು 49 ಈ ಮಿತಿಯನ್ನು ಮೀರಿದ್ದವು.

ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಹಿರಿಯರು ನೀರನ್ನು ಕಣ್ಣು, ಮೂಗು, ನಾಲಗೆಗಳಿಂದ ಪರೀಕ್ಷಿಸಿ ಬಟ್ಟೆಯಲ್ಲಿ ಸೋಸುತ್ತಿದ್ದರು. ಈ ದೋಷಕ್ಕೆ ಅದು ಸಾಲದು. ಕುದಿಸಿದರೆ ನೀರು ಆವಿಯಾಗಿ ಉಳಿದುದರಲ್ಲಿ ನೈಟ್ರೇಟಿನ ಪ್ರಮಾಣ ಏರುತ್ತದೆ. ಪೆಟ್ಲುಪ್ಪು ತೆಗೆಯುವವನೂ ಕುದಿಸಿಯೇ ಅದನ್ನು ಗಟ್ಟಿಮಾಡುತ್ತಿದ್ದನಲ್ಲವೇ?

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತವು ನಗರದ ಹೊರವಲಯದ 110 ಹಳ್ಳಿಗಳಿಗಾಗಿ ಉದ್ಘಾಟನೆಗೊಂಡಿತು. ದೂರದ ನದಿಯ ನೀರು ಬಂದರೂ ಕಾಲಕೆಳಗಿನ ಮಣ್ಣು ಶುದ್ಧವಾಗದು. ಬಾವಿಯುಳ್ಳವರು ವರ್ಷಕ್ಕೊಮ್ಮೆ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಿರಿ. ಮಿತಿ ಮೀರಿದ್ದರೆ ಆ ನೀರನ್ನು ಹಸುಗೂಸುಗಳಿಗೂ ಗರ್ಭಿಣಿಯರಿಗೂ ಕೊಡದಿರಿ. ಊರಿನ ಸಭೆಯಲ್ಲಿ ನಲ್ಲಿಯನ್ನು ಕೇಳುವಾಗ ಜೊತೆಗೆ ಒಳಚರಂಡಿಯನ್ನೂ ಕೇಳಿರಿ.