ಅಂಬಾಸಡರ್ ಕಾರಿನ ಒಳಜಾಗ ಎಲ್ಲಿಂದ ಬಂತು?

ಅಂಬಾಸಡರ್ ಕಾರಿನಲ್ಲಿ ಕುಳಿತು ಮದುವೆಗೆ ಹೋದ ನೆನಪು ನಮ್ಮ ಹಿರಿಯರಲ್ಲಿ ಅನೇಕರಿಗಿದೆ. ಮುಂದಿನ ಉದ್ದ ಸೀಟಿನಲ್ಲಿ ಚಾಲಕನ ಪಕ್ಕ ಇಬ್ಬರು, ಹಿಂದೆ ಮೂವರು, ಮಕ್ಕಳಿದ್ದರೆ ಇನ್ನೂ ಹೆಚ್ಚು! ಈ ಜಾಗದ ಮೂಲವನ್ನು ತಿಳಿಯಬೇಕಾದರೆ ಇಂಗ್ಲೆಂಡಿನ ಮಾರಿಸ್ ಕಂಪನಿಯ ಇತಿಹಾಸವನ್ನು ನೋಡಬೇಕು. ಏಕೆಂದರೆ ಅಂಬಾಸಡರ್ ಮೂಲತಃ ಆ ಕಂಪನಿಯ ಆಕ್ಸ್‌ಫರ್ಡ್ ಕಾರು.

1930ರ ದಶಕದ ಕಾರುಗಳಲ್ಲಿ ಮಡ್‌ಗಾರ್ಡ್‌ಗಳೂ ಕಾಲಿಟ್ಟು ಹತ್ತುವ ಪಟ್ಟಿಯೂ ಬಾಡಿಯಿಂದ ಹೊರಕ್ಕೆ ಚಾಚಿಕೊಂಡಿರುತ್ತಿದ್ದವು. ಹೊರಗಿನ ಅಗಲ ಎಷ್ಟೇ ಇದ್ದರೂ ಸೀಟಿಗೆ ದೊರೆಯುತ್ತಿದ್ದುದು ಅವುಗಳ ನಡುವೆ ಉಳಿದ ಜಾಗ ಮಾತ್ರ. ಎರಡನೇ ಮಹಾಯುದ್ಧದ ನಂತರ ಆ ಪಟ್ಟಿ ಮರೆಯಾಯಿತು, ಬಾಗಿಲುಗಳು ಹೊರಕ್ಕೆ ಸರಿದವು.

1948ರ ಮಾರಿಸ್ ಮೈನರ್ ಈ ಬದಲಾವಣೆಯ ಉತ್ತಮ ಸಾಕ್ಷಿ. ಅದರ ವಿನ್ಯಾಸಕ ಅಲೆಕ್ ಇಸಿಗೊನಿಸ್ 1906ರಲ್ಲಿ ಆಟೊಮನ್ ಸಾಮ್ರಾಜ್ಯದ ಸ್ಮಿರ್ನಾದಲ್ಲಿ, ಅಂದರೆ ಇಂದಿನ ಇಜ್ಮಿರ್‌ನಲ್ಲಿ, ಹುಟ್ಟಿದವರು. ತಯಾರಿಕೆ ಇನ್ನೇನು ಆರಂಭವಾಗಬೇಕು ಎನ್ನುವಾಗ ಕಾರು ತೀರಾ ಕಿರಿದಾಯಿತೆಂದು ಅವರಿಗೆ ಅನಿಸಿತು. ಮಾದರಿ ಕಾರನ್ನು ಉದ್ದಕ್ಕೆ ಸೀಳಿಸಿ, ಎರಡು ಭಾಗಗಳನ್ನು ದೂರ ಸರಿಸುತ್ತಾ ನೋಡಿದರು. 4 ಅಂಗುಲಕ್ಕೆ ತೃಪ್ತಿಯಾಯಿತು. 57 ಅಂಗುಲದ ಅಗಲ 61 ಆಯಿತು. ಬಂಪರ್‌ಗಳು ಆಗಲೇ ತಯಾರಾಗಿದ್ದುದರಿಂದ ಅವನ್ನೂ ಕತ್ತರಿಸಿ ನಡುವೆ ತುಂಡು ಸೇರಿಸಬೇಕಾಯಿತು. ಬಾನೆಟ್ಟಿನ ನಡುವಿನ ಉಬ್ಬುಪಟ್ಟಿ ಆ 4 ಅಂಗುಲದ ಗುರುತು.

ಅದೇ ವರ್ಷದ ಮಾರಿಸ್ ಆಕ್ಸ್‌ಫರ್ಡ್ ಕೂಡ ಇದೇ ರೂಪದ್ದು, ಆದರೆ ದೊಡ್ಡದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್, ಮೈನರ್‌ನಲ್ಲಿ 86 ಅಂಗುಲ, ಆಕ್ಸ್‌ಫರ್ಡ್‌ನಲ್ಲಿ 97. ಹಿಂದೂಸ್ತಾನ್ ಮೋಟಾರ್ಸ್ ಮೈನರನ್ನು ‘ಬೇಬಿ ಹಿಂದೂಸ್ತಾನ್’ ಎಂದೂ, ಆಕ್ಸ್‌ಫರ್ಡನ್ನು ‘ಹಿಂದೂಸ್ತಾನ್ 14’ ಎಂದೂ ನಮ್ಮ ದೇಶದಲ್ಲಿ ಮಾರಿತು. ಆಕ್ಸ್‌ಫರ್ಡ್‌ನ ಮುಂದಿನ ಮಾದರಿ 1950ರ ದಶಕದ ಮಧ್ಯದಲ್ಲಿ ‘ಲ್ಯಾಂಡ್‌ಮಾಸ್ಟರ್’ ಆಗಿ, ಅದರ ನಂತರದ್ದು ದಶಕದ ಕೊನೆಯಲ್ಲಿ ‘ಅಂಬಾಸಡರ್’ ಆಗಿ ಬಂತು. ಲ್ಯಾಂಡ್‌ಮಾಸ್ಟರ್‌ಗೆ ಹೊಸ ಬಾಡಿ ಬಂದರೂ ವೀಲ್‌ಬೇಸ್ 97 ಅಂಗುಲವೇ. ಅಂಬಾಸಡರ್‌ನಲ್ಲಂತೂ ಬದಲಾದದ್ದು ಮುಖ್ಯವಾಗಿ ಬಾನೆಟ್ ಮತ್ತು ಹಿಂಬದಿಯ ಅಂಚು. ಹೆಸರು ಹೊಸದು, ಒಳಗಿನ ಕೋಣೆ ಹಳೆಯದೇ!

ಹಾಗಾದರೆ ಕಾರು ದೊಡ್ಡದಾದಷ್ಟೂ ಜಾಗ ಹೆಚ್ಚೇ? ಇಸಿಗೊನಿಸ್ ಅವರೇ 1959ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಅವರ ‘ಮಿನಿ’ ಕಾರಿನ ಉದ್ದ ಕೇವಲ 10 ಅಡಿ. ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, 10 ಅಂಗುಲದ ಪುಟ್ಟ ಚಕ್ರಗಳನ್ನು ನಾಲ್ಕು ಮೂಲೆಗಳಿಗೆ ತಳ್ಳಿದ್ದರಿಂದ ನೆಲದ ಸುಮಾರು 80 ಶೇಕಡಾ ಭಾಗ ಜನರಿಗೂ ಸಾಮಾನಿಗೂ ಉಳಿಯಿತು.

ಇಂತಹ ಹೋಲಿಕೆ ಮಾಡುವ ವಿದ್ಯಾರ್ಥಿಗಳು ಟೇಪು ಹಿಡಿಯುವಾಗ ಎಚ್ಚರ ವಹಿಸಬೇಕು. ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿದರೆ ಹಿಂದೆ ಕುಳಿತವರ ಮೊಣಕಾಲಿನ ಜಾಗ ಕುಗ್ಗುತ್ತದೆ. ಹಳೆಯ ಸೀಟು ಕುಸಿದಿದ್ದರೆ ತಲೆಯ ಮೇಲಿನ ಜಾಗ ಇಲ್ಲದ ಹೆಚ್ಚಳ ತೋರಿಸುತ್ತದೆ. 1990ರ ದಶಕದ ಅಂಬಾಸಡರ್ 1800 ಐಎಸ್‌ಜೆಡ್‌ನಲ್ಲಿ ಗೇರು ಸ್ಟಿಯರಿಂಗ್ ಬಳಿಯಿಂದ ನೆಲಕ್ಕಿಳಿಯಿತು, ಮುಂದೆ ಎರಡು ಬಿಡಿ ಸೀಟುಗಳೂ ದೊರೆಯತೊಡಗಿದವು. ಬಾಗಿಲಿನಿಂದ ಬಾಗಿಲಿಗೆ ಅಳತೆ ಅಷ್ಟೇ, ಆದರೆ ಬಿಡಿ ಸೀಟಿನ ಕಾರಿನಲ್ಲಿ ಚಾಲಕನ ಪಕ್ಕ ಕೂರುವವರು ಒಬ್ಬರೇ.