ಅಂಗವಿಕಲರ ರಾಷ್ಟ್ರೀಯ ನೀತಿ: ಪ್ರಗತಿಯನ್ನು ಅಳೆಯುವುದು ಹೇಗೆ?

ಅಂಗವಿಕಲರಿಗಾಗಿ ಕೇಂದ್ರ ಸರ್ಕಾರ 2006ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ನೀತಿಯೊಂದನ್ನು ಪ್ರಕಟಿಸಿತು. ಶಿಕ್ಷಣ, ಉದ್ಯೋಗ, ಪುನರ್ವಸತಿ ಹಾಗೂ ಅಡೆತಡೆಯಿಲ್ಲದ ಪರಿಸರ ಅದರ ಮುಖ್ಯ ಗುರಿಗಳು. ಐದು ವರ್ಷಗಳಿಗೊಮ್ಮೆ ಅನುಷ್ಠಾನದ ಸಮಗ್ರ ಪರಾಮರ್ಶೆ ನಡೆಯಬೇಕೆಂದು ನೀತಿಯೇ ಹೇಳುತ್ತದೆ. ಆದರೆ ಪರಾಮರ್ಶೆಗೆ ಬೇಕಾದ ಅಳತೆಗೋಲು ಯಾವುದು ಎಂಬುದು ಸುಲಭದ ಪ್ರಶ್ನೆಯಲ್ಲ.

ಎಣಿಕೆಯ ತೊಡಕು

2001ರ ಜನಗಣತಿಯಲ್ಲಿ ಅಂಗವಿಕಲರ ಸಂಖ್ಯೆ 2.19 ಕೋಟಿ. 2011ರಲ್ಲಿ ಅದು 2.68 ಕೋಟಿ, ಅಂದರೆ ಜನಸಂಖ್ಯೆಯ ಶೇ 2.21. ಕರ್ನಾಟಕದ ಪಾಲು 13.24 ಲಕ್ಷ. ಈ ಎರಡು ಗಣತಿಗಳಲ್ಲಿ ಕೇಳಿದ ಪ್ರಶ್ನೆಗಳು ಒಂದೇ ಆಗಿರಲಿಲ್ಲವಾದ್ದರಿಂದ ಏರಿಕೆಯನ್ನು ನೇರವಾಗಿ ಹೋಲಿಸಲಾಗದು.

ಮನೆಯವರು ಮುಜುಗರದಿಂದ ಮಾಹಿತಿ ಮುಚ್ಚಿಟ್ಟರೂ ಲೆಕ್ಕ ತಪ್ಪುತ್ತದೆ. ಇದನ್ನು ತಪ್ಪಿಸಲು ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ವಾಷಿಂಗ್ಟನ್ ಗುಂಪು ಆರು ಸರಳ ಪ್ರಶ್ನೆಗಳನ್ನು ಸಿದ್ಧಪಡಿಸಿದೆ. ‘ಅಂಗವಿಕಲರೇ?’ ಎಂದು ಕೇಳುವ ಬದಲು ನೋಡಲು, ಕೇಳಲು, ನಡೆಯಲು ಎಷ್ಟು ಕಷ್ಟ ಎಂದು ವಿಚಾರಿಸುವುದು ಈ ವಿಧಾನದ ತಿರುಳು.

ಬದಲಾದ ಕಾನೂನು

ಭಾರತವು 2007ರಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅನುಮೋದಿಸಿತು. ಅದಕ್ಕೆ ಅನುಗುಣವಾಗಿ ರಚಿತವಾದ 2016ರ ಕಾಯ್ದೆಯು ಅಂಗವೈಕಲ್ಯದ ವಿಧಗಳನ್ನು 7ರಿಂದ 21ಕ್ಕೆ, ಸರ್ಕಾರಿ ಉದ್ಯೋಗ ಮೀಸಲಾತಿಯನ್ನು ಶೇ 3ರಿಂದ ಶೇ 4ಕ್ಕೆ ಏರಿಸಿತು. ಹೀಗೆ ಎಣಿಸಬೇಕಾದವರ ವ್ಯಾಪ್ತಿಯೇ ಹಿಗ್ಗಿತು. ಹೊಸ ರಾಷ್ಟ್ರೀಯ ನೀತಿಯ ಕರಡು 2022ರ ಜೂನ್‌ನಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟವಾಯಿತು.

ಪ್ರಮಾಣಪತ್ರ ಎಂಬ ಬಾಗಿಲು

2018ರ ಜುಲೈನಿಂದ ಡಿಸೆಂಬರ್‌ವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತು ಸ್ಪಷ್ಟ ಚಿತ್ರಣ ನೀಡುತ್ತದೆ. ಅಂಗವೈಕಲ್ಯ ಪ್ರಮಾಣಪತ್ರ ಇದ್ದವರು ಶೇ 28.8 ಮಾತ್ರ. ಸರ್ಕಾರದ ನೆರವು ಪಡೆದವರು ಶೇ 21.8. ಏಳು ವರ್ಷ ಮೀರಿದ ಅಂಗವಿಕಲರಲ್ಲಿ ಸಾಕ್ಷರರು ಶೇ 52.2, ಅದೇ ಅವಧಿಯ ಆಸುಪಾಸಿನ ಇನ್ನೊಂದು ಸುತ್ತಿನಂತೆ ಇಡೀ ದೇಶದ ಸಾಕ್ಷರತೆ ಶೇ 77.7. ಹದಿನೈದು ವರ್ಷ ದಾಟಿದ ಅಂಗವಿಕಲರಲ್ಲಿ ದುಡಿಮೆಯಲ್ಲಿದ್ದವರು ಅಥವಾ ಕೆಲಸ ಹುಡುಕುತ್ತಿದ್ದವರು ಶೇ 23.8.

ಮೀಸಲಾತಿ ಸೇರಿದಂತೆ ಬಹುತೇಕ ಸೌಲಭ್ಯಗಳಿಗೆ ಪ್ರಮಾಣಪತ್ರವೇ ಆಧಾರ. ಅದಿಲ್ಲದವರು ಇಲಾಖೆಯ ಫಲಾನುಭವಿ ಪಟ್ಟಿಗೂ ಬರುವುದಿಲ್ಲ, ಯೋಜನೆ ತಲುಪಿಲ್ಲವೆಂಬ ಲೆಕ್ಕಕ್ಕೂ ಸಿಗುವುದಿಲ್ಲ. ಆದ್ದರಿಂದ ಇಲಾಖೆಯ ಅಂಕಿಅಂಶವನ್ನು ಮನೆಮನೆ ಸಮೀಕ್ಷೆಯೊಂದಿಗೆ ತಾಳೆ ನೋಡುವುದು ಅನಿವಾರ್ಯ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇಂತಹ ಕೆಲಸಕ್ಕೆ ನೆರವಾಗಬಲ್ಲರು.

ವೆಚ್ಚವಲ್ಲ, ಫಲ

ಎಷ್ಟು ಶಿಬಿರ ನಡೆಯಿತು, ಎಷ್ಟು ಗಾಲಿಕುರ್ಚಿ ಹಂಚಲಾಯಿತು ಎಂಬುದು ವೆಚ್ಚದ ಲೆಕ್ಕ. ಆ ಗಾಲಿಕುರ್ಚಿ ವರ್ಷದ ನಂತರವೂ ಬಳಕೆಯಲ್ಲಿದೆಯೇ, ಅದರಲ್ಲಿ ಕುಳಿತವರು ಬಸ್ಸು ಹತ್ತಬಲ್ಲರೇ, ಶಾಲೆ ಸೇರಿದ ಮಗು ಹತ್ತನೇ ತರಗತಿ ಮುಗಿಸಿತೇ ಎಂಬುದು ಫಲದ ಲೆಕ್ಕ.

2015ರ ಡಿಸೆಂಬರ್ 3ರಂದು ಆರಂಭವಾದ ಸುಗಮ್ಯ ಭಾರತ ಅಭಿಯಾನವು ಕಟ್ಟಡ, ಸಾರಿಗೆ ಮತ್ತು ಮಾಹಿತಿ ವ್ಯವಸ್ಥೆಗಳಿಗೆ ಗುರಿಗಳನ್ನು ಗೊತ್ತುಪಡಿಸಿತ್ತು. ಆದರೂ ಸುಗಮ್ಯತೆಯ ನಿಯಮಗಳು ಕೇವಲ ಮಾರ್ಗದರ್ಶಿಯಾಗಿ ಉಳಿಯದೆ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಆದೇಶಿಸಬೇಕಾಯಿತು.

ದೇಶದ ಬಹುಭಾಗಕ್ಕೆ ಮುಂದಿನ ಜನಗಣತಿಯ ಆಧಾರ ದಿನ 2027ರ ಮಾರ್ಚ್ 1. ಅಲ್ಲಿ ಕೇಳುವ ಪ್ರಶ್ನೆ, ಗಣತಿದಾರರಿಗೆ ನೀಡುವ ತರಬೇತಿ ಇವುಗಳ ಮೇಲೆ ಮುಂದಿನ ಹಲವು ವರ್ಷಗಳ ಯೋಜನೆಗಳ ಗಾತ್ರ ನಿಂತಿದೆ. ಲೆಕ್ಕದಿಂದ ಹೊರಗುಳಿದವರು ಅನುದಾನದಿಂದಲೂ ಹೊರಗುಳಿಯುತ್ತಾರೆ.