ರಂಗದಿಂದ ತೆರೆಗೆ: ಕನ್ನಡ ಸಿನಿಮಾದ ತವರುಮನೆ

ಶಾಲಾ ವಾರ್ಷಿಕೋತ್ಸವ ಹತ್ತಿರ ಬಂದಾಗಲೆಲ್ಲ ಮಕ್ಕಳು ಹೇಳುವ ಮಾತೊಂದಿದೆ: "ಸಾರ್, ನಾಟಕ ಬೇಡ, ಸಿನಿಮಾ ಹಾಡಿಗೆ ಡ್ಯಾನ್ಸ್ ಮಾಡ್ತೀವಿ." ಅವರನ್ನು ಗದರಲು ನನಗೆ ಮನಸ್ಸು ಬರುವುದಿಲ್ಲ. ನಾಟಕಕ್ಕೆ ಮಾತು ಬಾಯಿಪಾಠವಾಗಬೇಕು, ವೇಷ ಹೊಂದಿಸಬೇಕು, ಶಾಲೆ ಬಿಟ್ಟ ಮೇಲೂ ನಿಂತು ಅಭ್ಯಾಸ ಮಾಡಬೇಕು. ಹಾಡಿಗಾದರೆ ಒಂದು ಪೆನ್ ಡ್ರೈವ್ ಸಾಕು. ಆದರೆ ಅವರು ಮೆಚ್ಚುವ ಸಿನಿಮಾ ಕಣ್ಣು ಬಿಟ್ಟದ್ದೇ ನಾಟಕದ ಮನೆಯಲ್ಲಿ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಕಥೆಯನ್ನು ಬರೆದಿಡುವುದು ಕನ್ನಡ ಮೇಷ್ಟರಾದ ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮತ್ತಿಕೆರೆಯಿಂದ ಬಸ್ಸು ಹತ್ತಿ ಸಿಟಿ ಮಾರ್ಕೆಟ್ಟಿಗೆ ಹೋದವರು ಚರಿತ್ರೆಯ ಪಕ್ಕದಲ್ಲೇ ಇಳಿಯುತ್ತಾರೆ. ಅಲ್ಲಿದ್ದ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ 1934ರ ಮಾರ್ಚ್ 3ರಂದು ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಿಡುಗಡೆಯಾಯಿತು. ನಿರ್ದೇಶಕರು ವೈ.ವಿ. ರಾವ್. ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್, ಸುಲೋಚನೆಯಾಗಿ ತ್ರಿಪುರಾಂಬ. ಸಾಹಿತ್ಯ ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಕಂಪನಿಗಳಿಗೆ ನಾಟಕ ಬರೆದು ಹೆಸರಾದವರು. ಕರ್ನಾಟಕದಲ್ಲಿ ಸ್ಟುಡಿಯೋ ಇಲ್ಲದ ಕಾರಣ ತಂಡವೆಲ್ಲ ಕೊಲ್ಹಾಪುರಕ್ಕೆ ಹೋಗಿ ಚಿತ್ರೀಕರಿಸಿತು. ಯಂತ್ರ, ಬಂಡವಾಳ ಹೊರಗಿನಿಂದ ಬಂದವು. ಮಾತು, ಹಾಡು, ಅಭಿನಯ ಮಾತ್ರ ನಮ್ಮ ರಂಗಭೂಮಿಯವು. ಹಿನ್ನೆಲೆ ಗಾಯನವಿಲ್ಲದ ಆ ಕಾಲದಲ್ಲಿ ನಟರೇ ಹಾಡಬೇಕಿತ್ತು. ಮೈಕಿಲ್ಲದೆ ಕೊನೆಯ ಸಾಲಿಗೂ ದನಿ ಮುಟ್ಟಿಸಬಲ್ಲ ಕಂಪನಿ ಕಲಾವಿದರಲ್ಲದೆ ಇನ್ನಾರು ಆ ಕೆಲಸಕ್ಕೆ ಒದಗಬಲ್ಲವರು?

ಮುಂದೆ ನಾಟಕಗಳೇ ಚಿತ್ರಗಳಾದವು. 1936ರಲ್ಲಿ ಎಚ್.ಎಲ್.ಎನ್. ಸಿಂಹ ಅವರು 'ಸಂಸಾರ ನೌಕೆ' ನಾಟಕವನ್ನು ತೆರೆಗೆ ತಂದರು. ಪುರಾಣ ಬಿಟ್ಟು ಸಮಕಾಲೀನ ಸಂಸಾರದ ಕಥೆ ಹೇಳಿದ ಆ ಚಿತ್ರದಿಂದ ಬಿ.ಆರ್. ಪಂತುಲು, ಎಂ.ವಿ. ರಾಜಮ್ಮ ಬೆಳಕಿಗೆ ಬಂದರು. ಸುಬ್ಬಯ್ಯ ನಾಯ್ಡು ಅವರ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯ 'ಭೂಕೈಲಾಸ'ದ ಪಯಣ ಇನ್ನೂ ಸ್ವಾರಸ್ಯ. ಆ ಕನ್ನಡ ನಾಟಕ 1940ರಲ್ಲಿ ತೆಲುಗು ಚಿತ್ರವಾಯಿತು. ರಾವಣನ ಪಾತ್ರ ನಾಯ್ಡು ಅವರದೇ. 1958ರಲ್ಲಿ ಅದೇ ಕಥೆ ಕನ್ನಡದ ತೆರೆಗೆ ಬಂದಾಗ ರಾವಣನಾದವರು ರಾಜ್‌ಕುಮಾರ್.

ರಾಜ್‌ಕುಮಾರ್ ಕೂಡ ಕಂಪನಿಯ ಕೂಸೇ. 1954ರ 'ಬೇಡರ ಕಣ್ಣಪ್ಪ'ದಲ್ಲಿ ನಾಯಕನಾಗುವ ಮೊದಲು ಮುತ್ತುರಾಜನಾಗಿ ರಂಗದ ಮೇಲೆ ಪಳಗಿದವರು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟರು. ನರಸಿಂಹರಾಜು, ಜಿ.ವಿ. ಅಯ್ಯರ್ ಅವರೂ ಗುಬ್ಬಿ ವೀರಣ್ಣನವರ ಅನ್ನ ಉಂಡವರೇ. ಆದರೆ ಸಿನಿಮಾ ಬೆಳೆದಂತೆ ಕಂಪನಿಗಳು ಸೊರಗಿದವು. ಹಾಲುಣಿಸಿದ ತಾಯಿಯೇ ಬಡವಾದಂತಾಯಿತು.

ಆಗ ಹವ್ಯಾಸಿ ರಂಗಭೂಮಿ ಕೈಹಿಡಿಯಿತು. ಗವಿಪುರದಲ್ಲಿ ನೆಲೆಸಿದ್ದ ಮಾಸ್ತಿಯವರ 'ಕಾಕನಕೋಟೆ' ನಾಟಕವನ್ನು ಸಿ.ಆರ್. ಸಿಂಹ 1977ರಲ್ಲಿ ಚಿತ್ರವಾಗಿಸಿದರು. ಕಾಡುಕುರುಬರ ಕಾಚನಾಗಿ ಲೋಕೇಶ್ ನಟಿಸಿದರು, ಸಿ. ಅಶ್ವಥ್ ಸಂಗೀತ ನೀಡಿದರು. ಷೇಕ್ಸ್‌ಪಿಯರನ 'ದಿ ಟೇಮಿಂಗ್ ಆಫ್ ದಿ ಶ್ರೂ' ಪರ್ವತವಾಣಿಯವರ ಕೈಯಲ್ಲಿ 'ಬಹದ್ದೂರ್ ಗಂಡ' ನಾಟಕವಾಗಿ, 1989ರಲ್ಲಿ 'ನಂಜುಂಡಿ ಕಲ್ಯಾಣ'ವಾಗಿ ಮನೆಮನೆಯನ್ನು ನಗಿಸಿತು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಗಿರೀಶ ಕಾರ್ನಾಡರು ಕಟ್ಟಿದ 'ನಾಗಮಂಡಲ'ವನ್ನು ಟಿ.ಎಸ್. ನಾಗಾಭರಣ 1997ರಲ್ಲಿ ತೆರೆಗಿತ್ತರು. ಅಜ್ಜಿಯ ಕಥೆ ನಾಟಕವಾಗಿ, ನಾಟಕ ಸಿನಿಮಾ ಆಯಿತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ನೋವಿನ ಸಂಗತಿ. 'ಸತಿ ಸುಲೋಚನ'ದ ಪ್ರತಿ ಇಂದು ಲಭ್ಯವಿಲ್ಲ. ಕೆಲವು ಚಿತ್ರಪಟಗಳಷ್ಟೇ ಉಳಿದಿವೆ. ಸಿನಿಮಾ ಶಾಶ್ವತ, ನಾಟಕ ಪರದೆ ಬಿದ್ದೊಡನೆ ಮುಗಿಯಿತು ಎಂದು ನಾವು ತಿಳಿಯುತ್ತೇವೆ. ನಡೆದದ್ದು ತಿರುಗಾಮುರುಗಾ. ರೀಲು ಹಾಳಾದರೆ ಆ ಚಿತ್ರವನ್ನು ಮತ್ತೆ ಯಾರೂ ನೋಡಲಾರರು. 'ಕಾಕನಕೋಟೆ'ಯ ಪುಸ್ತಕವೊಂದು ಸಿಕ್ಕರೆ ನಮ್ಮ ಒಂಬತ್ತನೇ ತರಗತಿಯ ಹುಡುಗನೂ ಕಾಚನಾಗಬಲ್ಲ. ಆಡುವವರು ಇರುವವರೆಗೆ ನಾಟಕಕ್ಕೆ ಸಾವಿಲ್ಲ. ಆಡುವವರು ಇಲ್ಲವಾದರೆ ಪುಸ್ತಕವಿದ್ದೂ ಇಲ್ಲ.

ಆದ್ದರಿಂದ ವಿದ್ಯಾರ್ಥಿಗಳೇ, ಡ್ಯಾನ್ಸ್ ಧಾರಾಳವಾಗಿ ಮಾಡಿ. ಜೊತೆಗೆ ವರ್ಷಕ್ಕೊಂದು ನಾಟಕವನ್ನೂ ಆಡಿ. ಮಾತು ಮರೆತರೆ ಪರದೆಯ ಹಿಂದಿನಿಂದ ಹೇಳಿಕೊಡಲು ನಾನಿದ್ದೇನೆ. ನಾನು ನಿವೃತ್ತನಾದ ಮೇಲೆ ಆ ಜಾಗದಲ್ಲಿ ನಿಮ್ಮಲ್ಲೇ ಒಬ್ಬರು ಬಂದು ನಿಲ್ಲಬೇಕು.